ಚಾಕೊಲೇಟ್ ದೋಸೆಯ ವಿಚಾರವಾಗಿ ಡಬ್ಬಿ ಸಮಿತಿಯವರಿಗೆ

ಶ್ರೀಮತಿ ನಳಿನಿಬೆನ್ ಅವರಿಗೆ,
ಅಧ್ಯಕ್ಷರು, ಮಕ್ಕಳ ಡಬ್ಬಿ ಸುರಕ್ಷತಾ ಸಮಿತಿ,
ನಮ್ಮ ಬಡಾವಣೆಯ ಶಿಶುವಿಹಾರ, ಅಹಮದಾಬಾದ್.

ಮಾನ್ಯರೇ,

ತಮಗೂ, ತಮ್ಮ ಸಮಿತಿಯ ಸಮಸ್ತ ಸದಸ್ಯರಿಗೂ, ಗೇಟಿನ ಪಕ್ಕದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕೂರಿಸಿರುವ ತಮ್ಮ ಥರ್ಮಾಮೀಟರಿಗೂ ನನ್ನ ವಿನಯಪೂರ್ವಕ ನಮಸ್ಕಾರಗಳು. ಈ ಬಿಸಿಲಿನಲ್ಲಿ ತಾವೆಲ್ಲರೂ ಕ್ಷೇಮವಾಗಿದ್ದೀರೆಂದೂ, ದಿನಾ ಬೆಳಿಗ್ಗೆ ಅಷ್ಟೊಂದು ಉಪ್ಪಿಟ್ಟು, ಖಿಚಡಿ, ಥೇಪ್ಲಾಗಳ ಜ್ವರ ನೋಡಬೇಕಾದ ಥರ್ಮಾಮೀಟರು ಕೂಡ ಆರೋಗ್ಯವಾಗಿದೆಯೆಂದೂ ನಂಬಿದ್ದೇನೆ.

ತಮಗೆ ಕನ್ನಡ ಬರುವುದಿಲ್ಲ ಎಂಬುದು ನನಗೆ ಗೊತ್ತಿದೆ. ನನಗೆ ಗುಜರಾತಿ ಬರೆಯಲು ಬರುವುದಿಲ್ಲ. ಹಿಂದಿಯಲ್ಲಿ ಬರೆದರೆ ನನ್ನ ದೂರು ದೂರಿನ ಹಾಗೆ ಕಾಣದೆ ತಪ್ಪೊಪ್ಪಿಗೆಯ ಹಾಗೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಬರೆಯಬೇಕಾದರೆ ಮಗನ ಸಹಾಯ ಕೇಳಬೇಕು, ಅವನು ಓದಿ ಬೇಡ ಅನ್ನುತ್ತಾನೆ. ಹೀಗಾಗಿ ಇಲ್ಲಿಯ ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ತಮ್ಮ ಶಿಶುವಿಹಾರದ ಶಾಖೆಗಳು ವಡೋದರಾದಲ್ಲೂ ಸೂರತ್ತಿನಲ್ಲೂ ಇರುವುದರಿಂದ, ಅಲ್ಲಿ ಡಬ್ಬಿ ಕಟ್ಟುತ್ತಿರುವ ನಮ್ಮವರಿಗೆ ಇದರಿಂದ ಸ್ವಲ್ಪ ಉಪಯೋಗವಾದರೂ ಆಗಬಹುದು.

ಮೊದಲು ನನ್ನ ಪರಿಚಯ. ನಾನು ನರ್ಸರಿಯ ಸಂಹಿತಾಳ ತಾತ, ಹೆಸರು ದೊಡ್ಡಣ್ಣ. ತಮ್ಮ ಕಡೆ ಎಲ್ಲರ ಹೆಸರಿಗೂ ಭಾಯಿ ಸೇರಿಸುವ ಸೌಜನ್ಯ ಇರುವುದರಿಂದ ತಮ್ಮ ನೋಟೀಸುಗಳಲ್ಲಿ ನಾನು ದೊಡ್ಡಣ್ಣಭಾಯಿ ಆಗಿದ್ದೇನೆ. ಒಂದೇ ಹೆಸರಿನಲ್ಲಿ ಎರಡು ಸಲ ಅಣ್ಣನಾಗುವ ಭಾಗ್ಯ ನಮ್ಮೂರಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಓದಿದ್ದು ಎಸ್ಸೆಸ್ಸೆಲ್ಸಿ. ಶಿರಾದ ಬಸ್ ಡಿಪೊದಲ್ಲಿ ಟೈರುಗಳ ಉಸ್ತುವಾರಿ ನೋಡಿಕೊಂಡು ನಿವೃತ್ತನಾದೆ. ಮಗ ಪ್ರಮೋದ್ ಇಲ್ಲಿಯ ಬಾಹ್ಯಾಕಾಶ ಸಂಸ್ಥೆಯಲ್ಲಿ, ಸೊಸೆ ಅಪೂರ್ವಾ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ. ಮೊಮ್ಮಗಳು ಹುಟ್ಟಿದಾಗ ನಾನೂ ನಮ್ಮ ಮನೆಯವರು ಶಕುಂತಲಮ್ಮನೂ ಇಲ್ಲಿಗೆ ಬಂದು ಉಳಿದೆವು. ಮಗುವಿನ ಡಬ್ಬಿ ಕಟ್ಟುವುದು ಶಕುಂತಲಮ್ಮನ ಕೆಲಸ, ಡಬ್ಬಿ ಹಿಡಿದುಕೊಂಡು ಗೇಟಿನವರೆಗೆ ಹೋಗುವುದು ನನ್ನ ಕೆಲಸ. ಕಳೆದ ದೀಪಾವಳಿ ಮುಗಿದ ಮೇಲೆ ಅವರು ತೀರಿಕೊಂಡರು. ಅಂದಿನಿಂದ ಎರಡೂ ಕೆಲಸ ನನ್ನದು.

ತಮ್ಮ ನಿಯಮಗಳನ್ನು ನಾನು ಮನಸಾರೆ ಮೆಚ್ಚಿಕೊಂಡವನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದ್ರಾಕ್ಷಿಯನ್ನು ಇಡಿಯಾಗಿ ಕಳಿಸಬಾರದು, ಉದ್ದುದ್ದಕ್ಕೆ ಸೀಳಿ ಕಳಿಸಬೇಕು ಎಂದು ತಾವು ಹೇಳಿದಾಗ ನನಗೆ ಮೈ ಜುಮ್ಮೆಂದಿತು, ಏಕೆಂದರೆ ಅಲ್ಲಿಯವರೆಗೆ ಮಗುವಿನ ಗಂಟಲು ಎಷ್ಟು ಸಣ್ಣದು ಎಂದು ನಾನು ಯೋಚಿಸಿಯೇ ಇರಲಿಲ್ಲ. ಈಗ ಓದುವ ಕನ್ನಡಕ ಹಾಕಿಕೊಂಡು ದ್ರಾಕ್ಷಿ ಸೀಳುತ್ತೇನೆ. ಚಿತ್ರಾನ್ನಕ್ಕೆ ಕಡಲೆಕಾಯಿ ಬೀಜ ಹಾಕುವುದಿಲ್ಲ, ಪೊಂಗಲಿನಿಂದ ಮೆಣಸಿನಕಾಳು ಆರಿಸಿ ತೆಗೆಯುತ್ತೇನೆ, ಕ್ಯಾರೆಟ್ಟನ್ನು ಬೆರಳಲ್ಲಿ ಒತ್ತಿದರೆ ಬಗ್ಗುವಷ್ಟು ಬೇಯಿಸುತ್ತೇನೆ, ಬಿಸಿ ಪದಾರ್ಥದ ಹಬೆ ಆರುವ ಮೊದಲು ಮುಚ್ಚಳ ಹಾಕುವುದಿಲ್ಲ. ಇವೆಲ್ಲ ಒಳ್ಳೆಯ ಮಾತುಗಳು. ಇವನ್ನು ತಮಾಷೆ ಮಾಡುವವರ ಜೊತೆ ನಾನು ಸೇರುವುದಿಲ್ಲ.

ದಿನಾ ಡಬ್ಬಿಯಲ್ಲಿ ಐದು ಬಣ್ಣ ಇರಬೇಕೆಂಬ ನಿಯಮ ಬಂದಾಗ ಮಾತ್ರ ಸ್ವಲ್ಪ ತೊಂದರೆಯಾಯಿತು. ನಮ್ಮ ಕಡೆಯ ತಿಂಡಿಗಳು ಬಣ್ಣದ ವಿಷಯದಲ್ಲಿ ಬಡವು. ಇಡ್ಲಿ ಬಿಳಿ, ಅದಕ್ಕೆ ಚಟ್ನಿ ಬಿಳಿ, ಉಪ್ಪಿಟ್ಟು ಬಿಳಿ, ಮೊಸರನ್ನವಂತೂ ಹೇಳುವುದೇ ಬೇಡ. ಆದರೂ ತಮ್ಮ ಮಾತಿಗೆ ಬೆಲೆ ಕೊಟ್ಟು ಬೀಟ್‌ರೂಟ್ ಪಲ್ಯ ಕಳಿಸಿದೆ. ಮಧ್ಯಾಹ್ನ ಮಗು ಮನೆಗೆ ಬಂದಾಗ ಬಣ್ಣವೆಲ್ಲ ಸಮವಸ್ತ್ರದ ಮೇಲಿತ್ತು. ಡಬ್ಬಿಯಲ್ಲಿ ಇರಬೇಕೆಂದು ಹೇಳಿದ್ದಿರೇ ಹೊರತು ಡಬ್ಬಿಯಲ್ಲೇ ಉಳಿಯಬೇಕೆಂದು ಹೇಳಿರಲಿಲ್ಲವಾದ್ದರಿಂದ ನಿಯಮ ಪಾಲನೆಯಾಯಿತೆಂದೇ ತಿಳಿದೆ.

ತಮ್ಮ ಮೊದಲನೆಯ ನೋಟೀಸು ಬಂದದ್ದು ಮೊಸರನ್ನಕ್ಕೆ. ಡಬ್ಬಿಯ ಮುಚ್ಚಳದ ಮೇಲೆ ಒಳಗಿರುವ ಪದಾರ್ಥದ ಹೆಸರು ಅಂಟಿಸಬೇಕೆಂಬ ತಮ್ಮ ಆಜ್ಞೆಯಂತೆ ನಾನು ಮೊಸರನ್ನ ಎಂದು ಅಂಟಿಸಿದ್ದೆ. ಗೇಟಿನಲ್ಲಿ ಮುಚ್ಚಳ ತೆಗೆದ ಸದಸ್ಯೆಯೊಬ್ಬರು ಚಮಚದಲ್ಲಿ ಕಲಕಿ, "ದಾದಾ, ಯೇ ತೋ ದೂಧ್ ಹೈ!" ಎಂದರು. ಬಿಸಿಲುಕಾಲದಲ್ಲಿ ಬೆಳಿಗ್ಗೆಯೇ ಮೊಸರು ಕಲಸಿದರೆ ಊಟದ ಹೊತ್ತಿಗೆ ಹುಳಿ ಬರುತ್ತದೆಂದು ನಮ್ಮ ಕಡೆ ಮೆತ್ತಗಿನ ಅನ್ನಕ್ಕೆ ಹಾಲು ಹಾಕಿ ಒಂದು ಚಮಚ ಮೊಸರು ಬೆರೆಸಿ ಕಳಿಸುತ್ತಾರೆ, ಊಟದ ಹೊತ್ತಿಗೆ ಅದು ತಾನಾಗಿ ಹೆಪ್ಪಾಗಿ ಸಿಹಿಮೊಸರಿನ ಅನ್ನವಾಗಿರುತ್ತದೆ. ಇದನ್ನೆಲ್ಲ ವಿವರಿಸುವಷ್ಟು ಹಿಂದಿ ಇಲ್ಲದ ನಾನು, "ಥೋಡಾ ರುಕಿಯೇ ಮೇಡಂ, ಹೋ ಜಾಯೇಗಾ" ಎಂದೆ. ಅವರು ನಿಜವಾಗಿಯೂ ಸ್ವಲ್ಪ ಹೊತ್ತು ಕಾದರು. ಆಗಲಿಲ್ಲ. ತಪ್ಪು ಹೆಸರು ಅಂಟಿಸಿದ್ದಾರೆಂದು ನೋಟೀಸು ಬಂತು. ಒಂದು ಪದಾರ್ಥ ಮುಂದೆ ಆಗಲಿರುವುದು ಇನ್ನೂ ಆಗಿಲ್ಲವೆಂಬ ಕಾರಣಕ್ಕೆ ಅದರ ಮೇಲೆ ಕ್ರಮ ಕೈಗೊಂಡ ಸಮಿತಿ ಬಹುಶಃ ಇಡೀ ಗುಜರಾತಿನಲ್ಲಿ ತಮ್ಮದೊಂದೇ. ಮಾರನೆಯ ದಿನದಿಂದ ನಾನು "ಸದ್ಯಕ್ಕೆ ಹಾಲನ್ನ, ಊಟದ ಹೊತ್ತಿಗೆ ಮೊಸರನ್ನ" ಎಂದು ಅಂಟಿಸತೊಡಗಿದೆ, ಅದು ಸರಿಯಾಗಿದೆಯೆಂದು ತಾವು ಗುರುತು ಹಾಕಿ ಕಳಿಸಿದಿರಿ. ಈ ಉದಾರತೆಯನ್ನು ನಾನು ಮರೆತಿಲ್ಲ.

ಇನ್ನು ಚಾಕೊಲೇಟ್ ದೋಸೆಯ ವಿಚಾರ. ಇದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ತಾಳ್ಮೆಯಿರಲಿ.

ಸಂಹಿತಾಳಿಗೆ ರಾಗಿ ಸೇರುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಹುಟ್ಟಿದ ಮಗು ರಾಗಿ ಬೇಡವೆಂದರೆ ಅದಕ್ಕೆ ದೃಷ್ಟಿಯಾಗಿದೆಯೆಂದು ಉಪ್ಪು ನಿವಾಳಿಸುತ್ತಾರೆ. ಶಕುಂತಲಮ್ಮ ಅಂಥ ಗೋಜಿಗೆ ಹೋಗುವವರಲ್ಲ. ಒಂದು ದಿನ ರಾಗಿ ಹಿಟ್ಟಿಗೆ ಬೆಲ್ಲ, ಏಲಕ್ಕಿ, ಒಂದು ಹಿಡಿ ಅಕ್ಕಿ ಹಿಟ್ಟು ಸೇರಿಸಿ ಕಪ್ಪಗೆ ಹೊಳೆಯುವ ದೋಸೆ ಹುಯ್ದರು. ಮಗು ತಟ್ಟೆ ತಳ್ಳಿ, "ರಾಗಿ ನಹೀ ಚಾಹಿಯೇ ಅಜ್ಜಿ" ಎಂದಿತು. "ರಾಗಿ ಅಂತ ನಿಂಗ್ಯಾರೇ ಹೇಳಿದ್ದು? ಇದು ಚಾಕೊಲೇಟ್ ದೋಸೆ ಕಣೇ. ಬೇಡ್ದಿದ್ರೆ ಬಿಡು, ನಿಮ್ ತಾತಂಗೆ ಕೊಡ್ತೀನಿ" ಎಂದು ಹೇಳಿ ಅದನ್ನು ನನ್ನ ತಟ್ಟೆಗೆ ಹಾಕಿಬಿಟ್ಟರು. ನಾನು ತಿಂದು, ಹೌದು, ಚಾಕೊಲೇಟೇ, ಎಂದೆ. ಮದುವೆಯಾದಾಗಿನಿಂದ ಅವರು ತಟ್ಟೆಗೆ ಹಾಕಿದ್ದನ್ನು ಅವರು ಹೇಳಿದ ಹೆಸರಿನಲ್ಲೇ ತಿಂದು ಅಭ್ಯಾಸ. ಎರಡನೆಯ ದೋಸೆಯನ್ನು ಮಗು ತಿಂದಿತು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ರಾಗಿ ದೋಸೆ ಎಂಬ ಪದಾರ್ಥವೇ ಇರಲಿಲ್ಲ.

ಅವರು ಹೋದ ಮೇಲೆ ಡಬ್ಬಿಗಳು ಹೋದ ಹಾಗೆಯೇ ಮನೆಗೆ ಬರತೊಡಗಿದವು. ಇಡ್ಲಿ ಇಡ್ಲಿಯಾಗಿಯೇ ಬರುತ್ತಿತ್ತು, ಸೀಳಿದ ದ್ರಾಕ್ಷಿ ಸೀಳಿದ ಹಾಗೆಯೇ ಬರುತ್ತಿತ್ತು. ಮಕ್ಕಳ ಡಬ್ಬಿ ಬಿಚ್ಚಿಕೊಡುವ ಆಯಾ ಚಂಪಾಬೆನ್ ನನ್ನನ್ನು ನೋಡಿ ತಲೆ ಅಲ್ಲಾಡಿಸಿ ಡಬ್ಬಿ ಕೈಗೆ ಕೊಡುತ್ತಿದ್ದರು. ಅಪೂರ್ವಾ ಬ್ಯಾಂಕಿಗೆ ರಜೆ ಹಾಕಿ ಮಾಡಿ ಕಳಿಸಿದ ಪೂರಿ ಕೂಡ ವಾಪಸು ಬಂತು. ಆಗ ನನಗೆ ದೋಸೆಯ ನೆನಪಾಯಿತು. ಅಳತೆ ಗೊತ್ತಿರಲಿಲ್ಲ, ಕೇಳಲು ಅವರಿರಲಿಲ್ಲ. ಮೊದಲ ದೋಸೆಗಳು ಕಾವಲಿ ಬಿಟ್ಟು ಏಳಲೇ ಇಲ್ಲ, ಎದ್ದವು ಚೂರುಚೂರಾಗಿ ಎದ್ದವು. ಕೊನೆಗೆ ಒಂದು ದಿನ ಹೇಗೋ ದುಂಡಗೆ ಬಂದವನ್ನು ಡಬ್ಬಿಗೆ ಹಾಕಿ ಕಳಿಸಿದೆ. ಅಂದು ಮಧ್ಯಾಹ್ನ ಚಂಪಾಬೆನ್ ಗೇಟಿನಿಂದಲೇ ಡಬ್ಬಿಯನ್ನು ತಲೆಕೆಳಗು ಮಾಡಿ ಹಿಡಿದು, "ದಾದಾ, ಜುಓ, ಆಖೋ ಡಬ್ಬೋ ಸಾಫ್!" ಎಂದು ಕೂಗಿದರು. ಇಡೀ ಡಬ್ಬಿ ಖಾಲಿಯಾಗಿತ್ತು. ಆ ಹೊತ್ತಿನಲ್ಲಿ ಅಲ್ಲಿ ಬಹಳ ಜನ ಇದ್ದರು. ನಾನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವನ ಹಾಗೆ ಸ್ವಲ್ಪ ಹೊತ್ತು ಬಗ್ಗಿಕೊಂಡಿದ್ದೆ.

ಸಂಹಿತಾ ಇದನ್ನು ತನ್ನ ತರಗತಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾಳೆ. ಕೇಳಿದ ಮಕ್ಕಳು ತಮ್ಮತಮ್ಮ ಮನೆಗಳಲ್ಲಿ ಥೇಪ್ಲಾ ಬೇಡ, ಚಾಕೊಲೇಟ್ ದೋಸೆ ಬೇಕೆಂದು ನೆಲದ ಮೇಲೆ ಹೊರಳಿದ್ದಾರೆ. ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ನನ್ನ ಡಬ್ಬಿಯ ಚಿತ್ರಕ್ಕೆ ಕೆಂಪು ಗೆರೆಯ ವೃತ್ತ ಎಳೆದು ಹಾಕಲಾಯಿತು. ಡಬ್ಬಿಯಲ್ಲಿ ಚಾಕೊಲೇಟ್ ತರುವುದು ನಿಷೇಧವಾದ್ದರಿಂದ ತಮ್ಮ ಎರಡನೆಯ ನೋಟೀಸು ಬಂತು. ನಾನು ಒಂದು ಲೋಟದಲ್ಲಿ ರಾಗಿ ಹಿಟ್ಟು, ಒಂದು ಪಾತ್ರೆಯಲ್ಲಿ ದೋಸೆಗಳನ್ನು ಹಾಕಿಕೊಂಡು ತಮ್ಮ ಕಚೇರಿಗೆ ಬಂದೆ. ಇಲ್ಲಿ ನಾಗ್ಲಿ ಎನ್ನುವುದು ಇದಕ್ಕೇ ಎಂದು ಹೇಳಿದೆ. ತಮ್ಮ ಸಮಿತಿಯ ಆಹಾರತಜ್ಞೆ ನೋಡಿದ ಕೂಡಲೇ ಗುರುತಿಸಿ, ಇದಕ್ಕಿಂತ ಒಳ್ಳೆಯ ಪದಾರ್ಥವೇ ಇಲ್ಲ, ಇದರಲ್ಲಿ ಸುಣ್ಣದ ಅಂಶವಿದೆ, ಕಬ್ಬಿಣದ ಅಂಶವಿದೆ ಎಂದು ಹೊಗಳಿದರು, ಎಲ್ಲರೂ ನನಗೆ ನೀರು ಕೊಟ್ಟು ಕೂರಿಸಿದರು. ಇಲ್ಲಿಗೆ ಮುಗಿಯಿತೆಂದು ತಿಳಿದು ನಾನು ದೋಸೆಗಳ ಪಾತ್ರೆಯನ್ನು ತಮ್ಮಲ್ಲೇ ಬಿಟ್ಟು ಲೋಟ ತೆಗೆದುಕೊಂಡು ಬಂದೆ.

ಆದರೆ ಒಳ್ಳೆಯ ಸಮಿತಿಯ ಲಕ್ಷಣವೇ ಅದು, ಮುಗಿದದ್ದನ್ನು ಮುಗಿಯಲು ಬಿಡುವುದಿಲ್ಲ. ಶುಕ್ರವಾರ ತಮ್ಮ ಮೂರನೆಯ ನೋಟೀಸು ಬಂತು. ಅದರ ಸಾರಾಂಶ ಇಷ್ಟು: ಸದರಿ ಪದಾರ್ಥ ಆರೋಗ್ಯಕರವಾಗಿದೆ, ಅದಕ್ಕೆ ತಕರಾರಿಲ್ಲ, ಆದರೆ ಮಗುವಿಗೆ ಆಹಾರದ ಬಗ್ಗೆ ತಪ್ಪು ಮಾಹಿತಿ ಕೊಡಲಾಗಿದೆ, ಆದ್ದರಿಂದ ಪೋಷಕರು ಸೋಮವಾರದ ಒಳಗೆ ಇದು ಚಾಕೊಲೇಟ್ ಅಲ್ಲವೆಂದು ಮಗುವಿಗೆ ತಿಳಿಸತಕ್ಕದ್ದು, ಮಗು ಅದನ್ನು ತರಗತಿಯಲ್ಲಿ ಎಲ್ಲರ ಮುಂದೆ ಹೇಳತಕ್ಕದ್ದು, ತಪ್ಪಿದಲ್ಲಿ ಈ ಡಬ್ಬಿಯನ್ನು ಗೇಟಿನಲ್ಲೇ ತಡೆದು ಮಗುವಿಗೆ ಶಾಲೆಯ ಖಿಚಡಿ ಕೊಡಲಾಗುವುದು.

ಮಾನ್ಯರೇ, ತಮ್ಮ ಸತ್ಯನಿಷ್ಠೆಗೆ ನನ್ನ ನಮಸ್ಕಾರ. ಇಷ್ಟು ದೊಡ್ಡ ತತ್ವವನ್ನು ಒಂದು ದೋಸೆಗೆ ಮಾತ್ರ ಸೀಮಿತಗೊಳಿಸಿದರೆ ಅನ್ಯಾಯವಾಗುತ್ತದೆಂದು ಕೆಲವು ವಿನಂತಿಗಳನ್ನು ಸಲ್ಲಿಸುತ್ತಿದ್ದೇನೆ. ತಮ್ಮ ಶಿಶುವಿಹಾರದ ಗೋಡೆಯ ಮೇಲೆ ಕಣ್ಣು, ಮೂಗು, ಬೂಟು ಇರುವ ಒಂದು ಕ್ಯಾರೆಟ್ಟು ನಗುತ್ತಾ ಕೈ ಬೀಸುತ್ತಿದೆ. ಕ್ಯಾರೆಟ್ಟಿಗೆ ಬೂಟು ಇರುವುದಿಲ್ಲವೆಂದೂ, ಬೇಯಿಸಿ ತಿನ್ನುವವರನ್ನು ನೋಡಿ ಅದು ನಗುವ ಸಂಭವ ಕಡಿಮೆಯೆಂದೂ ಮಕ್ಕಳಿಗೆ ಸೋಮವಾರವೇ ತಿಳಿಸಬೇಕಾಗಿ ಪ್ರಾರ್ಥನೆ. ಸೋರೆಕಾಯಿ ತುರಿದು ಹಾಕಿ ಅದನ್ನು ಪಿಜ್ಜಾ ಎಂದು ಕಳಿಸುವ ಗೃಹಿಣಿಯರನ್ನು ನಾನು ಬಲ್ಲೆ, ಅವರ ಮಕ್ಕಳೂ ಸಾಲಾಗಿ ನಿಂತು ಘೋಷಿಸಲಿ. ಪಾಲಕ್ ತಿಂದರೆ ತೋಳಿಗೆ ಬಲ ಬರುತ್ತದೆಂದು ಹೇಳಿದ ಅಪ್ಪಂದಿರನ್ನು ಕರೆಸಿ ಅವರ ತೋಳುಗಳನ್ನು ತಮ್ಮ ಮೇಜಿನ ಮೇಲೆ ಪರಿಶೀಲಿಸಬೇಕು. ನಮ್ಮ ಕಡೆ ಮಗುವಿಗೆ ಉಣ್ಣಿಸುವಾಗ ಇದು ಕಾಗೆಯ ತುತ್ತು, ಇದು ಗುಬ್ಬಿಯ ತುತ್ತು ಎಂದು ಹೇಳಿ ಎಲ್ಲವನ್ನೂ ಮಗುವಿನ ಬಾಯಿಗೇ ಇಡುವ ಪದ್ಧತಿ ಬಹಳ ಕಾಲದಿಂದ ಇದೆ. ಹಕ್ಕಿಗಳ ಹೆಸರಿನಲ್ಲಿ ನಡೆದಿರುವ ಈ ವಂಚನೆಗೆ ಸಂಬಂಧಪಟ್ಟಂತೆ ಕಾಗೆ ಮತ್ತು ಗುಬ್ಬಿಗಳ ಹೇಳಿಕೆ ಪಡೆಯಲು ತಮ್ಮ ಸದಸ್ಯರನ್ನು ನಮ್ಮೂರಿಗೆ ಕಳಿಸುವುದಾದರೆ ಇಳಿದುಕೊಳ್ಳಲು ವ್ಯವಸ್ಥೆ ಮಾಡುತ್ತೇನೆ. ಎಲ್ಲ ಘೋಷಣೆಗಳೂ ಮುಗಿಯುವ ಹೊತ್ತಿಗೆ ಮಕ್ಕಳು ನರ್ಸರಿ ದಾಟಿ ದೊಡ್ಡ ಶಾಲೆಗೆ ಹೋಗಿರುತ್ತಾರೆ, ಆಗ ಡಬ್ಬಿಯ ಸಮಸ್ಯೆಯೂ ತಾನಾಗಿ ಬಗೆಹರಿಯುತ್ತದೆ.

ಇಷ್ಟೆಲ್ಲ ಬರೆಯುವುದು ಸುಲಭ. ಶುಕ್ರವಾರ ಸಂಜೆ ತಮ್ಮ ನೋಟೀಸನ್ನು ಕೈಯಲ್ಲಿ ಹಿಡಿದುಕೊಂಡು ಕೂತಾಗ ನನಗೆ ಇದ್ಯಾವುದೂ ತೋಚಲಿಲ್ಲ. ತಾವು ಕೇಳಿದ್ದು ಒಂದು ಸಣ್ಣ ಮಾತು, ಅದೂ ನಿಜವಾದ ಮಾತು. ಆದರೆ ಈ ವರ್ಷ ಆ ಮಗುವಿಗೆ ನಾವು ನಿಜವನ್ನು ಸಾಕಷ್ಟು ಹೇಳಿದ್ದೇವೆ. ಅಜ್ಜಿ ಊರಿಗೆ ಹೋಗಿದ್ದಾರೆ, ನಕ್ಷತ್ರವಾಗಿದ್ದಾರೆ ಎಂದೆಲ್ಲ ಹೇಳಬಾರದೆಂದು ಪ್ರಮೋದ್ ಕಟ್ಟುನಿಟ್ಟಾಗಿ ಹೇಳಿದ್ದ. ಅಜ್ಜಿ ತೀರಿಕೊಂಡರು, ಇನ್ನು ಬರುವುದಿಲ್ಲ ಎಂದೇ ಹೇಳಿದೆವು. ನಾಳೆ ಬರುತ್ತಾರಾ, ಎಂದು ಮಗು ಕೇಳಿತು. ನಾಳೆಯೂ ಇಲ್ಲ ಎಂದೆವು. ಹಾಗೆ ಹೇಳಿ ಉಳಿದದ್ದು ಈ ಒಂದು ದೋಸೆ. ಶಕುಂತಲಮ್ಮ ಹೇಳಿದ ಮಾತುಗಳಲ್ಲಿ ಇನ್ನೂ ದಿನಾ ಬೆಳಿಗ್ಗೆ ಕೆಲಸಕ್ಕೆ ಬರುತ್ತಿದ್ದದ್ದು ಅದೊಂದೇ. ಅದೂ ಸುಳ್ಳು ಎಂದು ಹೇಳಿ, ಮಗು ದೋಸೆಯನ್ನೂ ಬಿಟ್ಟುಬಿಟ್ಟರೆ, ಆಮೇಲೆ ಡಬ್ಬಿಗೆ ಏನು ಹಾಕಲಿ? ತಮ್ಮ ಖಿಚಡಿ ಚೆನ್ನಾಗಿಯೇ ಇರುತ್ತದೆ. ಮಗು ತಿನ್ನುವುದಿಲ್ಲ, ಅಷ್ಟೇ.

ಆದರೂ ನಿಯಮ ನಿಯಮವೇ. ಡಿಪೊದಲ್ಲಿ ಇಷ್ಟು ವರ್ಷ ಸವೆದ ಟೈರನ್ನು ಸವೆದಿದೆಯೆಂದೇ ಬರೆದವನು ನಾನು. ಭಾನುವಾರ ಬೆಳಿಗ್ಗೆ ಮಗ ಸೊಸೆ ಸಂತೆಗೆ ಹೋಗಿದ್ದಾಗ ಸಂಹಿತಾಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ, ಹಿಟ್ಟಿನ ಡಬ್ಬಿಯನ್ನು ಮುಂದಿಟ್ಟು, "ಪುಟ್ಟಿ, ಒಂದ್ ವಿಷ್ಯ ಹೇಳ್ಬೇಕು ಕಣಮ್ಮ. ಈ ಚಾಕೊಲೇಟ್ ದೋಸೆ ಇದ್ಯಲ್ಲ..." ಎಂದು ಶುರುಮಾಡಿದೆ. ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದೆ.

ಮಗು ನನ್ನ ಮುಖ ನೋಡಿತು. ಆಮೇಲೆ ಬಹಳ ಮೆಲ್ಲಗೆ, ದೊಡ್ಡವರು ಕೆಟ್ಟ ಸುದ್ದಿ ಹೇಳುವಾಗ ಮಾಡುವಂತೆ ನನ್ನ ಕೈ ಹಿಡಿದುಕೊಂಡು, "ತಾತ, ಅದು ರಾಗಿ" ಎಂದಿತು.

"ನಿಂಗ್ ಹೆಂಗೆ ಗೊತ್ತು?" ಎಂದೆ.

"ಮುಝೇ ಪೆಹಲೇ ಸೇ ಪತಾ ಹೈ. ಅಜ್ಜಿ ಹಿಟ್ಟು ಹಾಕೋದು ನಾನು ನೋಡಿದೀನಿ."

"ಮತ್ತೆ ಯಾಕಮ್ಮ ದಿನಾ ಚಾಕೊಲೇಟ್ ಅಂತಿದ್ದೆ?"

"ನೀನು ಚಾಕೊಲೇಟ್ ಅಂದ್ಕೊಂಡಿದೀಯಲ್ಲ ತಾತ. ಹೇಳಿದ್ರೆ ನೀನು ಸ್ಯಾಡ್ ಆಗ್ತೀಯ. ಅಜ್ಜಿ ಬೇರೆ ಇಲ್ಲ."

ಮಾನ್ಯರೇ, ತಮ್ಮ ಮೂರನೆಯ ನೋಟೀಸಿಗೆ ಸಂಬಂಧಪಟ್ಟ ವಾಸ್ತವಾಂಶ ಹೀಗಿದೆ. ಆಹಾರದ ಬಗ್ಗೆ ತಪ್ಪು ಮಾಹಿತಿ ಪಡೆದಿದ್ದಾರೆಂದು ನಮ್ಮ ಮನೆಯಲ್ಲಿ ಒಬ್ಬರ ಮೇಲೆ ಅನುಮಾನವಿದ್ದದ್ದು ನಿಜ, ಆದರೆ ಅದು ಮಗುವಿನ ಮೇಲಲ್ಲ, ನನ್ನ ಮೇಲೆ. ಆ ತಪ್ಪು ತಿಳಿವಳಿಕೆ ಕೆಡದಂತೆ ನೋಡಿಕೊಳ್ಳಲು ಮಗು ಪ್ರತಿದಿನ ಡಬ್ಬಿ ಖಾಲಿ ಮಾಡಿಕೊಂಡು ಬಂದಿದೆ. ತಮ್ಮ ನಿಯಮಾವಳಿ ಆರು ವರ್ಷದೊಳಗಿನವರಿಗೆ ಮಾತ್ರ ಅನ್ವಯಿಸುವುದರಿಂದ ನನ್ನ ವಿರುದ್ಧ ಕ್ರಮ ಕೈಗೊಳ್ಳಲು ತಮಗೆ ಅಧಿಕಾರವಿಲ್ಲವೆಂದು ವಿನಯದಿಂದ ತಿಳಿಸುತ್ತೇನೆ. ತರಗತಿಯಲ್ಲಿ ಎಲ್ಲರ ಮುಂದೆ ಹೇಳುವ ಬಗ್ಗೆ ಕೇಳಿದ್ದಕ್ಕೆ ಮಗು, ಮಿಸ್‌ಗೆ ಬೇಕಾದರೆ ಕಿವಿಯಲ್ಲಿ ಹೇಳುತ್ತೇನೆ, ಬೇರೆಯವರಿಗೆ ಹೇಳುವುದಿಲ್ಲ, ಅದು ಅಜ್ಜಿ ಇಟ್ಟ ಹೆಸರು ಎಂದು ತೀರ್ಮಾನ ಕೊಟ್ಟಿದೆ. ಈ ತೀರ್ಮಾನದ ಮೇಲೆ ಮೇಲ್ಮನವಿಗೆ ಅವಕಾಶವಿದೆಯೇ ಎಂದು ಕೇಳಿದೆ, ಇಲ್ಲವಂತೆ.

ನಮ್ಮ ಮನೆಯಲ್ಲಿ ಈಗ ಎಲ್ಲರಿಗೂ ಅದು ರಾಗಿ ಎಂದು ಗೊತ್ತಾಗಿದೆ. ಇನ್ನು ಅವಳು ಅದನ್ನು ತಿನ್ನಬೇಕಾದ ಕಾರಣ ಉಳಿದಿಲ್ಲವಾದ್ದರಿಂದ ಈ ದಿನ, ಸೋಮವಾರ, ನಾನು ಹಿಟ್ಟು ಕಲಸಲೋ ಬೇಡವೋ ಎಂದು ಕಾವಲಿಯ ಮುಂದೆ ಸುಮ್ಮನೆ ನಿಂತಿದ್ದೆ. ಅವಳು ಸಮವಸ್ತ್ರ ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು, "ತಾತ, ಲೇಟಾಗುತ್ತೆ, ಚಾಕೊಲೇಟ್ ದೋಸೆ ಹಾಕು" ಎಂದಳು. ಹಾಕಿದೆ.

ಡಬ್ಬಿಯ ಮುಚ್ಚಳದ ಮೇಲೆ ಚಾಕೊಲೇಟ್ ದೋಸೆ ಎಂದೇ ಅಂಟಿಸಿದ್ದೇನೆ. ತಾವು ತಡೆದರೆ ತಡೆಯಿರಿ, ನಾನು ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಊಟದ ಹೊತ್ತಿನವರೆಗೂ ಕೂತಿರುತ್ತೇನೆ. ಬಿಸಿಲಿಗೆ ಅಭ್ಯಾಸವಿದೆ.

ತಮ್ಮ ಥರ್ಮಾಮೀಟರಿಗೂ ತಮಗೂ ಸದಾ ಒಳಿತನ್ನೇ ಬಯಸುವ,
ತಮ್ಮ ವಿಶ್ವಾಸಿ,
ದೊಡ್ಡಣ್ಣ
(ಸಂಹಿತಾಳ ತಾತ, ನರ್ಸರಿ ವಿಭಾಗ)

ತಾ.ಕ.: ಎರಡನೆಯ ನೋಟೀಸಿನ ಸಮಯದಲ್ಲಿ ಹೆಚ್ಚಿನ ಪರಿಶೀಲನೆಗೆಂದು ತಾವು ಇಟ್ಟುಕೊಂಡಿದ್ದ ದೋಸೆಗಳ ಪಾತ್ರೆ ತೊಳೆದು ಒರೆಸಿ ನಮ್ಮ ಮನೆಗೆ ತಲುಪಿದೆ, ವಂದನೆಗಳು. ಪರಿಶೀಲನೆ ಸಂಪೂರ್ಣವಾಗಿ ನಡೆದಿದೆಯೆಂಬುದಕ್ಕೆ ಅದರಲ್ಲಿ ಒಂದು ಚೂರೂ ಉಳಿದಿಲ್ಲದಿರುವುದೇ ಸಾಕ್ಷಿ. ಆದರೆ ನೆರೆಹೊರೆಯವರ ಪಾತ್ರೆಯನ್ನು ಬರಿದಾಗಿ ವಾಪಸು ಕಳಿಸಬಾರದೆಂಬ ರೂಢಿ ನಮ್ಮಲ್ಲಿದೆ, ತಮ್ಮಲ್ಲೂ ಇದೆಯೆಂದು ಕೇಳಿದ್ದೇನೆ. ಒಂದು ಚಿಟಿಕೆ ಸಕ್ಕರೆ ಹಾಕಿದ್ದರೂ ಆಗುತ್ತಿತ್ತು. ತಮ್ಮ ನಿಯಮಗಳಲ್ಲಿ ಸಕ್ಕರೆ ನಿಷೇಧವಾಗಿರುವುದರಿಂದ ಕೈ ಬರಲಿಲ್ಲವೆಂದು ತಿಳಿದು ಸುಮ್ಮನಾಗಿದ್ದೇನೆ.